ಕೊಬ್ಬಿನ ಅರ್ಥ ಹೇಳಲು ಹೋಗಿ

ಕೆಲವು ಪದಗಳನ್ನು ನಾವು ಶಾಲೆಯಲ್ಲಿ ಕಲಿಯುವುದಿಲ್ಲ, ಬೈಸಿಕೊಂಡು ಕಲಿಯುತ್ತೇವೆ. 'ಕೊಬ್ಬು' ಅಂಥದ್ದು. ಗಜೇಂದ್ರಗಡದ ನಮ್ಮ ಮನೆಯಲ್ಲಿ ಮಗ್ಗದ ಮುಂದೆ ಕೂತ ಅಜ್ಜಿ, ಕರೆದಾಗ ನಾನು ಓಗೊಡದಿದ್ದರೆ, "ಕೊಬ್ಬು ಬಂದೈತೇನಲೇ ನಿನಗ?" ಎನ್ನುತ್ತಿದ್ದಳು. ಆಗ ನಾನು ಎಲುಬು ಎಣಿಸುವಷ್ಟು ಸಣಕಲ. ಹಾಗಾಗಿ ಈ ಪದಕ್ಕೂ ಮೈಯ ಜಿಡ್ಡಿಗೂ ಸಂಬಂಧವಿದೆಯೆಂದು ತಿಳಿಯಲು ಬಹಳ ಕಾಲ ಹಿಡಿಯಿತು.

ಈಗ ಅದೇ ಪದ ನನ್ನ ಮಗಳ ಉದ್ಯೋಗ. ಶಾರದಾ ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಹೊರದೇಶದ ಮಾಂಸದ ತಳಿಯ ದನಗಳ ಲೆಕ್ಕ ಮಾಡುತ್ತಾಳೆ. ಕರುವಿನ ಕಿವಿಯ ಚೂರಿನಿಂದ ವಂಶವಾಹಿಗಳನ್ನು ಓದಿ, ಅದು ಬೆಳೆದ ಮೇಲೆ ಮಾಂಸದ ಕೊಬ್ಬು ಎಂಥ ಗುಣದ್ದಾದೀತು, ಬಾಯಲ್ಲಿ ಕರಗೀತೋ ಇಲ್ಲವೋ ಎಂದು ಮೊದಲೇ ಅಂದಾಜು ಹೇಳುವುದು. ಒಳ್ಳೆಯ ಕೊಬ್ಬಿನವನ್ನೇ ತಳಿಗೆ ಉಳಿಸಿಕೊಳ್ಳುತ್ತಾರಂತೆ. ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ನಮ್ಮ ಮನೆಯಿಂದ ಇಂಥ ವಿದ್ಯೆ ಹೊರಟಿತು! ಅದನ್ನು ಬೀಗರಾಗಬಹುದಾದವರಿಗೆ ಹೇಳುವುದು ಹೇಗೆ? ಈ ಒಂದು ಮಾತಿಗೇ ಎರಡು ಸಂಬಂಧ ಬಾಗಿಲಿನಿಂದ ತಿರುಗಿ ಹೋಗಿದ್ದವು.

ಮೊನ್ನೆ ಜಕ್ಕಲಿಯಿಂದ ಗಂಡಿನ ಕಡೆಯವರು ಬಂದರು. ಹುಡುಗ ಶಾರದಾಳ ಮನಸ್ಸಿಗೂ ಬಂದಿದ್ದ. ಅದಕ್ಕೇ, ಇದೂ ತಪ್ಪಿಹೋದೀತೆಂದು ನನಗೆ ಹೆದರಿಕೆ. ಅವನ ತಾಯಿ ಗಿರಿಜವ್ವ ಮಿರ್ಚಿ ಬಜ್ಜಿ ಕಡಿಯುತ್ತಲೇ, "ಹುಡುಗಿ ಏನ್ ಕೆಲಸ ಮಾಡ್ತಾಳ್ರಿ ಅಣ್ಣಾರ?" ಎಂದರು.

"ಕರ ಇದ್ದಾಗನ ನೋಡಿ, ಮುಂದ ದನಕ್ಕ ಕೊಬ್ಬು ಹ್ಯಾಂಗ ಬರ್ತೈತಿ ಅಂತ ಹೇಳ್ತಾಳ್ರಿ," ಎಂದೆ. 'ಮಾಂಸ' ಗಂಟಲಲ್ಲೇ ಉಳಿಯಿತು.

"ಹೌದೇನ್ರಿ! ನಮ್ಮ ಮನ್ಯಾಗೊಂದು ಹೋರಿ ಐತ್ರಿ, ಹಗ್ಗ ಬಿಚ್ಚಿದ್ರ ಕೋಡಿಲೆ ಹಾಯಾಕ ಬರ್ತೈತಿ. ಅಂಥಾ ಕೊಬ್ಬು ಮೊದಲ ಗೊತ್ತಾದ್ರ ಎಷ್ಟ್ ಚಲೋರಿ!"

ತಿದ್ದಬೇಕಿತ್ತು. ನಾನು, "ಹೂನ್ರಿ, ಅದ ಕೊಬ್ಬು," ಎಂದು ಇನ್ನೊಂದು ಮಿರ್ಚಿ ಬಡಿಸಿದೆ. "ಹಂಗಾರ ನನ್ನ ಮಗನ್ನೂ ಒಮ್ಮಿ ನೋಡಂತ ಹೇಳ್ರಿ," ಎಂದು ಗಿರಿಜವ್ವ ನಕ್ಕರು. ಎಲ್ಲರೂ ನಕ್ಕರು. ಚಹಾದ ತಾಟು ಹಿಡಿದು ಬಂದ ಶಾರದಾ ಮಾತ್ರ ನಗಲಿಲ್ಲ.

"ಅಪ್ಪಾ, ಯಾಕ ಸುಳ್ಳ ಹೇಳ್ತೀ? ಅವ್ವಾರ, ಇದು ಹಾಯೂ ಕೊಬ್ಬಲ್ರಿ, ತಿನ್ನೂ ಮಾಂಸದ ಕೊಬ್ಬು."

ಗಿರಿಜವ್ವ ಕೈ ಒರೆಸಿಕೊಂಡು ಎದ್ದರು. ಚಹಾ ಯಾರೂ ಕುಡಿಯಲಿಲ್ಲ.

ಮರುದಿನ ಅವರ ಫೋನು ಬಂತು. "ಅಣ್ಣಾರ, ಹುಡುಗಿ ಭಾಳ ಚಲೋ ಅದಾಳ್ರಿ. ಖರೇ ಹೇಳಾಕ ಅಂಜಲಿಲ್ಲ. ಯಾವುದೋ ದೇಶದ ದನ, ಯಾರೋ ತಿಂತಾರ, ನಮಗೇನ್ರಿ? ಆದ್ರ ಮೊದಲ ದಿನಾನ ಹಿಂಗ ಮಾತು ತಿರುವೂ ಬೀಗರ ಕೂಡ ಹ್ಯಾಂಗ್ರಿ ನಡಸೂದು?"

ಫೋನು ಇಟ್ಟೆ. ಶಾರದಾ ಪಕ್ಕದಲ್ಲೇ ನಿಂತಿದ್ದಳು. "ಏನಂದ್ರಪ್ಪಾ?" ಎಂದಳು.

'ನಿನ್ನ ಕೆಲಸ ಅವರಿಗೆ ಒಗ್ಗಲಿಲ್ಲವಂತೆ' ಎಂಬ ಮಾತು ಆಗಲೇ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು.