ಅಂಜಲ್ ಮೀನಿಗೆ ರೇಬೀಸ್ ಪರೀಕ್ಷೆ

ಒಂದೇ ಕ್ಯಾಬಿನಲ್ಲಿ ಎರಡು ಕೆಲಸ ಮುಗಿಸುವ ಜಾಣತನ ನನಗೆ ಹುಟ್ಟಿನಿಂದಲೇ ಬಂದದ್ದು. ಅಂದು ದೆಹಲಿ ವಿಮಾನ ನಿಲ್ದಾಣಕ್ಕೆ ನನ್ನ ಹೆಸರಿಗೆ ಎರಡು ಥರ್ಮೊಕೋಲ್ ಪೆಟ್ಟಿಗೆ ಬಂದಿದ್ದವು. ಒಂದರಲ್ಲಿ, ದ್ವೀಪಗಳ ಕಾಡು ಬಾವಲಿಗಳ ಬಾಯಿಂದ ತೆಗೆದ ಜೊಲ್ಲಿನ ಸ್ಯಾಂಪಲ್. ಅದರಲ್ಲಿ ರೇಬೀಸಿನ ದಾಯಾದಿ ವೈರಸ್‌ಗಳಿವೆಯೇ ಎಂದು ನಮ್ಮ ಪ್ರಯೋಗಾಲಯ ನೋಡಬೇಕು. ನನ್ನ ವಿದ್ಯಾರ್ಥಿನಿ ಶಾಲಿನಿ ಎರಡು ತಿಂಗಳು ದ್ವೀಪ ದ್ವೀಪ ಅಲೆದು ಕೂಡಿಸಿದ್ದು. ಮಂಜುಗಡ್ಡೆ ಕರಗಿದರೆ ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇನ್ನೊಂದರಲ್ಲಿ, ಊರಿನಿಂದ ಬಂದಿರುವ ಭಾವನ ಊಟಕ್ಕೆಂದು ಮಂಗಳೂರಿನಿಂದ ತರಿಸಿದ ಅಂಜಲ್ ಮೀನು.

"ವೈರಸ್" ಎಂಬ ಚೀಟಿ ನೋಡಿದ ಕ್ಯಾಬ್ ಭಯ್ಯಾ ಗಾಡಿ ತಿರುಗಿಸಿಕೊಂಡು ಹೋಗಿಯೇಬಿಟ್ಟ. ಎರಡೂ ಪೆಟ್ಟಿಗೆಗೆ ಒಂದೇ ಥರದ ಕಪ್ಪು ಚೀಲ ಹೊದಿಸಿ ಬೇರೆ ಕ್ಯಾಬ್ ಹಿಡಿದೆ. ಎಂಥ ತಲೆ ನನ್ನದು!

ಮಯೂರ್ ವಿಹಾರದ ಮನೆಯ ಗೇಟಿನಲ್ಲಿ ಒಂದನ್ನು ಹೆಂಡತಿ ಸುಮಿತ್ರಾಳ ಕೈಗಿಟ್ಟೆ. ಇನ್ನೊಂದನ್ನು ಪ್ರಯೋಗಾಲಯದ ಸುರಕ್ಷಾ ಕೊಠಡಿಗೆ ಮುಟ್ಟಿಸಿ, ಹೊರಗೆ ಚಹಾ ಹಿಡಿದು ಕೂತೆ. ಒಳಗಿನಿಂದ ಮೈಕಿನಲ್ಲಿ ಶಾಲಿನಿಯ ದನಿ ಬಂತು.

"ಸರ್, ಸ್ಯಾಂಪಲ್ ನನ್ನನ್ನೇ ನೋಡ್ತಾ ಇದೆ."

ಚಹಾ ಕೆಳಗಿಟ್ಟು ಮನೆಗೆ ಫೋನ್ ಮಾಡಿದೆ. ಸುಮಿತ್ರಾ ಫೋನ್ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ! ಅವಳು ಬಾವಲಿಯ ಜೊಲ್ಲಿಗೆ ಮೆಣಸು, ಹುಳಿ ಹಚ್ಚಿ, ರವೆಯಲ್ಲಿ ಹೊರಳಿಸುತ್ತಿರುವ ದೃಶ್ಯ ಕಣ್ಣಿಗೆ ಕಟ್ಟಿತು. "ಭಯ್ಯಾ, ಜಲ್ದಿ ಚಲೋ!" ಎಂದು ಕ್ಯಾಬಿನಲ್ಲಿ ದಾರಿಯುದ್ದಕ್ಕೂ ಅರಚಿದೆ.

ಅಡುಗೆಮನೆಯಲ್ಲಿ ಕಾವಲಿ ಕಾದಿತ್ತು. ಮಸಾಲೆ ಅರೆದಾಗಿತ್ತು. ಭಾವ ತಟ್ಟೆಯ ಮುಂದೆ ಕೂತಾಗಿತ್ತು.

"ಮುಟ್ಬೇಡ!" ಎಂದೆ.

"ಯಾರು ಮುಟ್ಟಿದ್ದು ಮಾರಾಯ್ರೆ?" ಎಂದಳು ಸುಮಿತ್ರಾ. ಪೆಟ್ಟಿಗೆ ಕಪ್ಪು ಚೀಲದೊಳಗೇ ಇತ್ತು. "ಊರಿಂದ ಬಂದ ಅಂಜಲ್ ಮೀನಿಗೆ ಒಂಚೂರೂ ವಾಸನೆ ಇಲ್ಲ. ತಂದದ್ದು ನೀವಲ್ವಾ, ಏನೋ ಎಡವಟ್ಟು ಇರ್ತದೆ ಅಂತ ಬಿಚ್ಚಲೇ ಇಲ್ಲ."

ಮದುವೆಯಾದ ಮೇಲೆ ಇಷ್ಟು ಸಿಹಿಯಾದ ಬೈಗುಳ ಕೇಳಿರಲಿಲ್ಲ. ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಮತ್ತೆ ಓಡಿದೆ. ಮಂಜುಗಡ್ಡೆ ಕರಗಿರಲಿಲ್ಲ. ಶಾಲಿನಿ ಒಂದೊಂದೇ ಟ್ಯೂಬ್ ಎಣಿಸಿ ಕಣ್ಣೊರೆಸಿಕೊಂಡಳು. ನನ್ನ ಕಡೆ ಮಾತ್ರ ನೋಡಲಿಲ್ಲ.

"ಶಾಲಿನಿ, ಆ ಮೀನು ಕೊಟ್ಟರೆ... ಮನೆಯಲ್ಲಿ ಭಾವ ಕಾಯ್ತಿದ್ದಾರೆ."

ಅವಳು ಬಾಗಿಲ ಮೇಲಿನ ಫಲಕ ತೋರಿಸಿದಳು: "ಈ ಕೊಠಡಿಯೊಳಗೆ ಹೋದ ಯಾವುದೇ ವಸ್ತು ಹಬೆಯಂತ್ರದಲ್ಲಿ ಬೇಯದೆ ಹೊರಬರತಕ್ಕದ್ದಲ್ಲ, ಬೆಂದ ಮೇಲೆ ನಾಶಪಡಿಸತಕ್ಕದ್ದು." ನಿಯಮ ಬರೆದವನು ನಾನೇ.

ಅಂಜಲ್ ಬಹಳ ಹದವಾಗಿ ಬೆಂದಿತ್ತು. ಪರಿಮಳ ಕಾರಿಡಾರಿನ ಕೊನೆಯವರೆಗೂ ಹೋಯಿತು. "ಸದರಿ ವಸ್ತುವನ್ನು ನನ್ನ ಕಣ್ಣೆದುರೇ ನಾಶಪಡಿಸಲಾಗಿದೆ" ಎಂಬ ಪತ್ರಕ್ಕೆ, ಜವಾಬ್ದಾರಿಯುತ ಅಧಿಕಾರಿಯಾಗಿ, ಖಾಲಿ ಹೊಟ್ಟೆಯಲ್ಲಿ ಸಹಿ ಹಾಕಿದೆ.