ಮಂಗಳ ಗ್ರಹಕ್ಕೆ ಮಾಡಿದ ಒಲೆ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ನಮ್ಮಪ್ಪ ಕಾಲೇಜಿನ ಮೆಟ್ಟಿಲು ಕಟ್ಟಿದ್ದ, ಹತ್ತಿರಲಿಲ್ಲ. ಯಾದಗಿರಿ ಕಡೆಯಿಂದ ಪುಣೆಗೆ ಬಂದ ಗೌಂಡಿ ಆತ. ಕಟ್ಟಡ ಏಳುವವರೆಗೆ ಅದರ ಬುಡದ ತಗಡಿನ ಶೆಡ್ಡೇ ನಮ್ಮ ಮನೆ. ಕಟ್ಟಡ ಮುಗಿದರೆ ನಮ್ಮ ಮನೆಯೂ ಮುಗಿಯಿತು! ಹೀಗೆ ಏಳು ಶೆಡ್ಡು ಬದಲಿಸಿ, ಕೊನೆಯ ವರ್ಷದ ಪರೀಕ್ಷೆಗೆ ಮೂರು ಸಲ ಕೂತು, ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಪಾಸಾದೆ. ಇದರಲ್ಲಿ ನನಗೆ ಸಂಕೋಚವೇನಿಲ್ಲ. ಮೂರು ಸಲ ಓದಿದ್ದರಿಂದ ಆ ವಿಷಯ ನನಗೆ ಉಳಿದವರಿಗಿಂತ ಮೂರು ಪಟ್ಟು ಗೊತ್ತು.

ಅಪ್ಪನಿಗೆ ಮಾತ್ರ ಒಂದು ಕೊರತೆ ಉಳಿದಿತ್ತು. "ನಾ ಗ್ವಾಡಿ ಕಟ್ಟಿದ್ರ ಗ್ವಾಡಿ ಕಾಣ್ತದ. ನೀ ಅಷ್ಟು ವರ್ಷ ಕಲ್ತದ್ದು ಎಲ್ಲಿ ಕಾಣ್ತದೋ ಮಲ್ಲ್ಯಾ? ಒಮ್ಮೆರ ತೋರ್ಸು" ಎನ್ನುತ್ತಿದ್ದ. ಪುಣೆ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿ ನನ್ನ ಕೆಲಸ ಕಾರಿನ ದೀಪಗಳನ್ನು ಪರೀಕ್ಷಿಸುವುದು. ಅಪ್ಪನನ್ನು ಅಲ್ಲಿಗೆ ಗೇಟಿನವರು ಬಿಡುತ್ತಿರಲಿಲ್ಲ.

ಹಾಗಾಗಿ ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ, ವಾಕಡದ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ದೇಸಾಯರು "ಒಂದು ವಿಜ್ಞಾನದ ಉಪನ್ಯಾಸ ಆಗ್ಲಿ ನಿಮ್ಮದು" ಎಂದಾಗ ನಾನು ಅವರ ವಾಕ್ಯ ಮುಗಿಯುವ ಮೊದಲೇ ಒಪ್ಪಿದೆ. ಮಂಗಳ ಗ್ರಹದ ಮೇಲೆ ಯಂತ್ರದ ಗಾಡಿಗಳು ಓಡಾಡುತ್ತಿದ್ದ ವರ್ಷ ಅದು. ವಿಷಯ ಆರಿಸಿಯೇಬಿಟ್ಟೆ: 'ಮಂಗಳ ಗ್ರಹದ ವಸತಿಗಳಿಗೆ ಸಾಂದ್ರ ಸೂರ್ಯಕಿರಣಗಳಿಂದ ಶಕ್ತಿ'. ಪ್ರಾತ್ಯಕ್ಷಿಕೆಯೂ ಇದೆ ಎಂದೆ. ಆ ಕ್ಷಣದವರೆಗೆ ಇರಲಿಲ್ಲ!

ಕೇಬಲ್‌ನವನು ಎಸೆದಿದ್ದ ಆರಡಿ ಅಗಲದ ಡಿಶ್ ಹೊತ್ತು ತಂದು ಅದರ ಒಳಗೆಲ್ಲ ಕನ್ನಡಿ ಚೂರು ಅಂಟಿಸತೊಡಗಿದೆ. ಬಿದ್ದ ಬಿಸಿಲೆಲ್ಲ ಒಂದೇ ಚುಕ್ಕೆಯಲ್ಲಿ ಕೂಡಬೇಕು, ಆ ಚುಕ್ಕೆಯಲ್ಲಿ ಪಾತ್ರೆ ಇಡಬೇಕು. ಇಷ್ಟೇ ತತ್ವ.

"ಒಂದು ಗಡಿಗಿ ಚಾ ಕಾಸಾಕ ಇಷ್ಟು ದೊಡ್ಡದು ಯಾಕ್ರೀ?" ಎಂದಳು ನನ್ನ ಹೆಂಡತಿ ಸುನಂದಾ.

"ಮಂಗಳದಾಗ ಬಿಸಿಲು ಇಲ್ಲಿನ ಅರ್ಧಕ್ಕಿಂತ ಕಡಿಮಿ. ಇಲ್ಲಿ ನಾಕಡಿ ಸಾಕಾದ್ರ ಅಲ್ಲಿ ಆರಡಿ ಬೇಕು. ಲೆಕ್ಕ ಮಾಡೇ ಮಾಡೀನಿ!"

ಲೆಕ್ಕ ಎಂದ ಮೇಲೆ ಅವಳು ನಂಬಿಬಿಟ್ಟಳು. ನಂಬಬಾರದಿತ್ತು.

ಏಪ್ರಿಲ್‌ನ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದು. ಸಂಘದ ಕಟ್ಟಡದ ಮೇಲಿನ ಗಚ್ಚಿಯಲ್ಲಿ ಶಾಮಿಯಾನ, ಅದರಾಚೆ ಬಿಸಿಲಲ್ಲಿ ನನ್ನ ಡಿಶ್. ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆಯ ಅಪ್ಪ.

ನಮ್ಮ ಸಂಘದ ಪದ್ಧತಿಯೆಂದರೆ ಸನ್ಮಾನ ಮೊದಲು, ಭಾಷಣ ಆಮೇಲೆ. ಭಾಷಣ ಕೇಳಿದ ಮೇಲೆ ಸನ್ಮಾನಿಸುವ ಮನಸ್ಸು ಉಳಿದೀತೆಂಬ ಭರವಸೆ ಯಾರಿಗೂ ಇಲ್ಲ. ದೇಸಾಯರು "ಅಸಲಿ ಉಣ್ಣೀದು" ಎನ್ನುತ್ತ ನನಗೊಂದು ಶಾಲು ಹೊದಿಸಿದರು. ಏಪ್ರಿಲ್‌ನಲ್ಲಿ! ಎರಡೇ ನಿಮಿಷಕ್ಕೆ ನಾನೇ ಬೇಯತೊಡಗಿದೆ. ಸನ್ಮಾನದ ಶಾಲನ್ನು ನೆಲಕ್ಕೆ ಹಾಕುವಂತಿಲ್ಲ. ಪಾತ್ರೆ ಇಟ್ಟಿದ್ದ ಕಬ್ಬಿಣದ ತೋಳು ಎದುರಿಗಿತ್ತು. ಪಾತ್ರೆಯಿಂದ ನಾಲ್ಕು ಬೆರಳು ಆಚೆ, ಗೌರವದಿಂದ, ತೂಗುಹಾಕಿದೆ.

ಡಿಶ್ಶನ್ನು ಸೂರ್ಯನ ಕಡೆ ತಿರುಗಿಸಿದ್ದೇ ತಡ, ಗ್ಯಾಸಿಗಿಂತ ಬೇಗ ಚಹಾ ಕುದಿಯಿತು. ಚಪ್ಪಾಳೆಯೋ ಚಪ್ಪಾಳೆ! ಅಪ್ಪ ಎದ್ದು ನಿಂತು, ಹಿಂದಿನ ಸಾಲಿನವರೂ ಹೊಡೆಯುತ್ತಿದ್ದಾರೋ ಇಲ್ಲವೋ ಎಂದು ತಿರುಗಿ ನೋಡಿದ. ಸುನಂದಾ ಪಾತ್ರೆ ಇಳಿಸಿ ಎಲ್ಲರಿಗೂ ಚಹಾ ಹಂಚಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಇಂದು ನಾನು ಮಹಾಪುರುಷ. ಆದರೆ ಭಾಷಣ ಹದಿನಾಲ್ಕು ಪುಟ ಇತ್ತು.

ಮಂಗಳದಲ್ಲಿ ಇಂಥ ಕನ್ನಡಿಗಳಿಂದ ಹಿಮ ಕರಗಿಸಿ ನೀರು ಮಾಡುವುದು, ಉಗಿಯಿಂದ ವಿದ್ಯುತ್ ತೆಗೆಯುವುದು, ಕೆಂಪು ಮಣ್ಣಿನ ಇಟ್ಟಿಗೆ ಸುಡುವುದು, ಎಲ್ಲವನ್ನೂ ವಿವರಿಸಿದೆ.

"ಇಟ್ಟಂಗಿ ಸುಡ್ತಾರ ಖರೆ, ಗೌಂಡಿ ಯಾರು ಅಲ್ಲಿ?" ಎಂದ ಅಪ್ಪ. ಸಭೆ ನಕ್ಕಿತು. ನಾನು ಮುಂದುವರಿದೆ.

ಒಂಬತ್ತನೆಯ ಪುಟದಲ್ಲಿದ್ದಾಗ ಅಪ್ಪ ಮತ್ತೆ ಕೈ ಎತ್ತಿದ. "ಮಲ್ಲ್ಯಾ, ಹೊತ್ತು ಸರಿಲಾಕತ್ತದ."

"ಪ್ರಶ್ನೆಗಳಿಗೆ ಕೊನೆಯಲ್ಲಿ ಅವಕಾಶವಿದೆ" ಎಂದೆ, ಗಂಭೀರವಾಗಿ.

"ಇದು ಪ್ರಶ್ನಿ ಅಲ್ಲೋ!"

"ಅಭಿಪ್ರಾಯಗಳಿಗೂ ಕೊನೆಯಲ್ಲಿಯೇ."

"ನಿನ್ನ ಶಾಲು ಹೊತ್ತೇತೋ ಹುಚ್ಚಪ್ಯಾಲಿ!"

ತಿರುಗಿ ನೋಡುತ್ತೇನೆ, ನಾನು ಭಾಷಣ ಮಾಡುತ್ತಿದ್ದಷ್ಟು ಹೊತ್ತು ಸೂರ್ಯ ನಿಂತು ಕೇಳಿರಲಿಲ್ಲ. ಬೆಳಕಿನ ಚುಕ್ಕೆ ನಾಲ್ಕು ಬೆರಳು ಸರಿದು ಸನ್ಮಾನದ ಮೇಲೆಯೇ ಬಂದು ಕೂತಿತ್ತು. ಶಾಲು ಉಣ್ಣೆಯದಲ್ಲ ಎಂಬುದು ಅದು ಕರಗಿ ತೊಟ್ಟಿಕ್ಕಿದ ರೀತಿಯಿಂದಲೇ ಸಭೆಗೆಲ್ಲ ತಿಳಿಯಿತು. ದೇಸಾಯರು ತಲೆ ತಗ್ಗಿಸಿದರು. ನಾನು ಓಡಿಹೋಗಿ ಕೈಯಲ್ಲಿದ್ದದ್ದರಿಂದ ಬೆಂಕಿ ಬಡಿದೆ. ಕೈಯಲ್ಲಿದ್ದದ್ದು ಭಾಷಣ! ಅದೂ ಹೊತ್ತಿಕೊಂಡಿತು. ಹತ್ತನೆಯ ಪುಟದಿಂದ ಮುಂದೆ ಮಂಗಳವಾಸಿಗಳ ಗತಿ ಏನಾಯಿತೆಂದು ವಾಕಡದ ಕನ್ನಡಿಗರಿಗೆ ಇಂದಿಗೂ ಗೊತ್ತಿಲ್ಲ.

ಅಪ್ಪ ಮಾತ್ರ ಗಡಿಬಿಡಿ ಮಾಡಲಿಲ್ಲ. ಡಿಶ್ಶಿನ ಹಿಂದೆ ಹೋಗಿ, ಆಸರೆಗಿಟ್ಟಿದ್ದ ಕಲ್ಲನ್ನು ಕಾಲಿನಿಂದ ತಳ್ಳಿದ. ಡಿಶ್ ಸೂರ್ಯನಿಗೆ ಬೆನ್ನು ಹಾಕಿ ಮಗುಚಿತು. ಉರಿಯುತ್ತಿದ್ದ ಶಾಲಿನ ಮೇಲೊಂದು ಬಕೆಟ್ ನೀರು ಸುರಿದ. ಚಹಾಕ್ಕಿಂತ ಜೋರು ಚಪ್ಪಾಳೆ ಬಿತ್ತು.

ಸುನಂದಾ ನಿಧಾನವಾಗಿ ಹತ್ತಿರ ಬಂದಳು. "ಅಲ್ರೀ, ಅಲ್ಲಿ ಬಿಸಿಲು ಕಡಿಮಿ ಅಂತ ದೊಡ್ಡದು ಮಾಡಿದ್ರಿ. ಇಲ್ಲಿ ಹಚ್ಚಬೇಕಾದ್ರ ಸಣ್ಣದು ಮಾಡ್ಬೇಕಿತ್ತಲ್ಲ?"

ಮೂರು ಸಲ ಪರೀಕ್ಷೆಗೆ ಕೂತವನಿಗೆ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ.

ಮೆಟ್ಟಿಲಿಳಿಯುವಾಗ ಯಾರೋ ಅಪ್ಪನನ್ನು ಕೆಣಕಿದರು. "ಏನ್ರೀ ಗೌಂಡ್ಯಾರ, ಮಗ ಶಾಲು ಸುಟ್ನಂತ?"

ಅಪ್ಪ ಟೊಪ್ಪಿಗೆ ಸರಿಮಾಡಿಕೊಂಡ. "ಹೌದ್ರಿ, ಸುಟ್ಟ. ಕಡ್ಡಿ ಗೀರಿಲ್ಲ, ಎಣ್ಣಿ ಹಾಕಿಲ್ಲ. ಬರೇ ಲೆಕ್ಕದ ಮ್ಯಾಲೆ ಸುಟ್ಟಾನ! ನಿಮ್ಮ ಮಗಗ ಬರ್ತದೇನು?"

ನನ್ನ ಎದೆ ಎಷ್ಟು ಉಬ್ಬಿತೆಂದರೆ ಹೊಗೆಯ ಕೆಮ್ಮು ಕೂಡ ನಿಂತುಹೋಯಿತು.

ಮುಂದಿನ ಬೇಸಿಗೆಗೂ ಸಂಘದವರು ನನ್ನನ್ನು ಕರೆದರು. ಅಪ್ಪನಿಗೆ ಕಾಣುವಂತೆ ಹೆಸರಿನ ಜೊತೆ ನನ್ನ ಪದವಿಯೂ ಅಚ್ಚಾಗಬೇಕೆಂದು ನಾನು ಒಂದೇ ಒಂದು ಷರತ್ತು ಹಾಕಿದೆ, ಅವರು ಒಪ್ಪಿದರು. ಆಮಂತ್ರಣ ಪತ್ರಿಕೆಯ ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: 'ನೆರಳಿನಲ್ಲಿ ಕುರ್ಚಿಗಳ ವ್ಯವಸ್ಥೆ: ಶ್ರೀ ಮಲ್ಲಿಕಾರ್ಜುನ, ಬಿ.ಎಸ್ಸಿ.'