ಹೊಸ್ತಿಲಲ್ಲಿ ಚೆನ್ನಾಗಿ ಕಾಣಬೇಕು

ನಮ್ಮ ಚಿಕ್ಕಮ್ಮನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಚಪ್ಪಲಿ ನೆನಪಿರುತ್ತದೆ. ತಮಾಷೆಗೆ ಹೇಳುತ್ತಿದ್ದೇನೆ ಎಂದುಕೊಂಡರೆ ಒಮ್ಮೆ ಅಜ್ಜಂಪುರಕ್ಕೆ ಬಂದು ಅವಳೆದುರು ನಿಂತು ನೋಡಿ. ಬಸ್ಸಿನ ಬೋರ್ಡು ಓದುವವರ ಹಾಗೆ ನಿಮ್ಮ ಮುಖವನ್ನೊಮ್ಮೆ ಓದಿ, ಏನೂ ತಿಳಿಯದೆ, ದೃಷ್ಟಿಯನ್ನು ಸೀದಾ ಕೆಳಗಿಳಿಸುತ್ತಾಳೆ. ಆಮೇಲೆ ಅರಳುತ್ತಾಳೆ. "ಓ, ನೀನಾ! ಹೋದ್ಸಲ ನೀಲಿ ಪಟ್ಟಿದು ಹಾಕಿದ್ದೆ. ಎಡಗಾಲಿಂದು ಹೊಲಿಗೆ ಬಿಟ್ಟಿತ್ತು."

ಯಾರ ಮನೆಗೆ ಹೋದರೂ ಕರೆಗಂಟೆ ಒತ್ತುವ ಮೊದಲು ಹೊಸ್ತಿಲಾಚೆ ಬಿಟ್ಟಿರುವ ಚಪ್ಪಲಿಗಳನ್ನು ಪೇಪರಿನಂತೆ ಓದುವುದು ಅವಳ ಪದ್ಧತಿ. ಒಮ್ಮೆ ಕಡೂರಿನಲ್ಲಿ ಒಬ್ಬರ ಮನೆ ಬಾಗಿಲವರೆಗೂ ಹೋಗಿ ನನ್ನ ಕೈ ಹಿಡಿದು ವಾಪಸ್ಸು ಎಳೆದಳು. ಯಾಕೆ ಎಂದರೆ, ಸೊಸೆಯ ಚಪ್ಪಲಿ ಇಲ್ಲ, ಅವಳು ತವರಿಗೆ ಹೋಗಿದ್ದಾಳೆ. ನೆಂಟರದು ಸಾಲಾಗಿದೆ, ಅವರು ಊಟಕ್ಕೆ ಬಂದಿದ್ದಾರೆ. ಅತ್ತೆಯ ಒಂದು ಚಪ್ಪಲಿ ನೆಟ್ಟಗೂ ಇನ್ನೊಂದು ಬೋರಲೂ ಬಿದ್ದಿದೆ, ಅಂದರೆ ಒಳಗೆ ಅನ್ನ ಸೀದಿದೆ! ಇಂಥ ಮನೆಗೆ ಈಗ ಹೋಗುವುದು ಧರ್ಮವೇ?

ನನ್ನ ಮದುವೆ ನಿಶ್ಚಯವಾದದ್ದೂ ಹೀಗೆಯೇ. ತರೀಕೆರೆಯಿಂದ ನನ್ನನ್ನು ನೋಡಲು ಬಂದವರು ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದಾಗ ಚಿಕ್ಕಮ್ಮ ಹೊರಗೆ ಕುಕ್ಕರಗಾಲಿನಲ್ಲಿ ಕೂತು ಅವರ ಪಾದರಕ್ಷೆಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಅಡುಗೆಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಇಷ್ಟೇ. "ಹುಡುಗನ ತಾಯಿದು ಎರಡೂ ಹಿಮ್ಮಡಿ ಸಮವಾಗಿ ಸವೆದವೆ. ನೆಟ್ಟಗೆ ನಡೆಯೋ ಹೆಂಗಸು. ಕೊಡ್ಬೋದು ಕಣೇ."

ಹೀಗೆ ನನಗೆ ಅತ್ತೆ ಸಿಕ್ಕಿದರು, ಜೊತೆಗೆ ಒಬ್ಬ ಗಂಡನೂ.

ಇದೆಲ್ಲ ಹೀಗೆಯೇ ನಡೆಯಿತು ಎಂದು ನಾನು ಆಣೆ ಮಾಡಲಾರೆ. ನೆನಪು ಎನ್ನುವುದು ಚಪ್ಪಲಿ ಅಂಗಡಿಯವನ ಹಾಗೆ. ಕೇಳಿದ ಅಳತೆ ಇಲ್ಲದಿದ್ದರೆ ಪಕ್ಕದ ಅಳತೆಯದನ್ನು ಕೈಗಿತ್ತು, ಹಾಕ್ತಾ ಹಾಕ್ತಾ ಸರಿ ಹೋಗುತ್ತೆ ಅಂದುಬಿಡುತ್ತದೆ. ಆ ದಿನ ತಾನು ಶೂ ಹಾಕಿದ್ದೆ ಎಂದು ನನ್ನ ಗಂಡ ವಾದಿಸುತ್ತಾನೆ. ನನಗೆ ಸ್ಯಾಂಡಲ್ಲು ನೆನಪು. ಚಿಕ್ಕಮ್ಮನಿಗೆ ಅವನೇ ನೆನಪಿಲ್ಲ.

ಚಪ್ಪಲಿ ಕೊಳ್ಳುವ ವಿದ್ಯೆಯಲ್ಲಿ ಅವಳದೊಂದು ಸಿದ್ಧಾಂತವಿದೆ. ನಮ್ಮ ಕಡೆ ಎಲ್ಲಿಗೆ ಹೋದರೂ ಮೊದಲು ಕಾಲಿನದನ್ನು ಬಿಚ್ಚಬೇಕು. ಮನೆಗೆ, ಮಠಕ್ಕೆ, ಮದುವೆಗೆ, ಹೊಲಿಗೆಯವಳ ಅಂಗಡಿಗೆ, ಕೆಲವು ಕಡೆ ಬ್ಯೂಟಿ ಪಾರ್ಲರಿಗೂ. ಆದ್ದರಿಂದ ಹೆಣ್ಣಿನ ಚಪ್ಪಲಿ ಅವಳ ಕಾಲಲ್ಲಿ ಇರುವುದಕ್ಕಿಂತ ಹೊಸ್ತಿಲ ಪಕ್ಕದಲ್ಲಿ ಇರುವುದೇ ಹೆಚ್ಚು. ಜನ ನೋಡುವುದೂ ಅಲ್ಲೇ. "ಕಾಲಲ್ಲಿ ಎಲ್ಲಾನೂ ಚೆನ್ನಾಗೇ ಕಾಣ್ತವೆ ಕಣೇ, ಸೀರೆ ಮುಚ್ಕಂಡಿರುತ್ತೆ. ನೀನಿಲ್ದಾಗ ಅದು ಹೆಂಗೆ ಕಾಣುತ್ತೆ, ಅದು ಹೇಳು."

ಈ ಸಿದ್ಧಾಂತದ ಪ್ರಯೋಗ ಘೋರವಾದದ್ದು. ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿದಾಗ ಒಳ್ಳೆಯದೊಂದು ಜೋಡಿ ಕೊಡಿಸುತ್ತೇನೆಂದು ಕಡೂರಿನ ಪೇಟೆ ಬೀದಿಗೆ ಕರೆದೊಯ್ದಳು. ಸಂಜೆ ಹೊತ್ತೇ ಹೋಗಬೇಕು, ಬೆಳಗ್ಗೆ ಹಿಡಿಸಿದ ಚಪ್ಪಲಿ ಸಂಜೆ ಪಾದ ಊದಿದ ಮೇಲೆ ಕಚ್ಚುತ್ತದಂತೆ. ಗಾಜಿನ ಹಿಂದೆ ಇಟ್ಟದ್ದನ್ನು ಮುಟ್ಟಬಾರದು, ಬಿಸಿಲಿಗೆ ಅಂಟು ಸತ್ತಿರುತ್ತದಂತೆ. ಲಗ್ನದ ತಿಂಗಳು ಕಳೆದ ಮೇಲೆ ಹೋದರೆ ಅದೇ ಜರಿ ಪಟ್ಟಿಯದಕ್ಕೆ ಅಂಗಡಿಯವರೇ ಬೆಲೆ ಇಳಿಸಿ ಕರೆಯುತ್ತಾರಂತೆ. ಅಟ್ಟೆಯನ್ನು ರೊಟ್ಟಿಯಂತೆ ಮಡಚಿ ನೋಡಬೇಕು, ಮಡಚದಿದ್ದರೆ ಅದು ಚಪ್ಪಲಿಯಲ್ಲ, ಹಲಗೆ.

ಇಷ್ಟಾದ ಮೇಲೆ ಅಂತಿಮ ಪರೀಕ್ಷೆ. ಆರಿಸಿದ ಜೋಡಿಯನ್ನು ಅಂಗಡಿಯ ಹೊಸ್ತಿಲಾಚೆ ಇಟ್ಟು, ರಸ್ತೆ ದಾಟಿ, ಎದುರು ಬದಿಯ ಬೇಕರಿಯ ಮುಂದೆ ನಿಂತು ಅವಳು ಅದನ್ನು ನೋಡತೊಡಗಿದಳು. ನಡುವೆ ಬಸ್ಸು, ಟ್ರ್ಯಾಕ್ಟರು, ಎಳನೀರಿನ ಗಾಡಿ. ಅವು ಸರಿದಾಗಲೆಲ್ಲ ಅಲ್ಲಿಂದಲೇ ಅಪ್ಪಣೆ: ಸ್ವಲ್ಪ ಎಡಕ್ಕೆ ತಿರುಗಿಸಿ, ಇನ್ನೂ ಸ್ವಲ್ಪ, ಒಂದನ್ನು ಇನ್ನೊಂದಕ್ಕೆ ಒರಗಿಸಿ. ಅಂಗಡಿಯ ಯಜಮಾನ ರಸ್ತೆಯಂಚಿನಲ್ಲಿ ಕೂತು ಫೋಟೋ ಸ್ಟುಡಿಯೋದವನಂತೆ ಚಪ್ಪಲಿಗಳಿಗೆ ಭಂಗಿ ಕೊಡಿಸುತ್ತಿದ್ದ.

ಆಗ ಇನ್ನೊಂದು ಆಯಿತು. ಹೊಸ್ತಿಲಲ್ಲಿ ಒಂದು ಜೋಡಿ ಕಂಡದ್ದೇ ತಡ, ಅಂಗಡಿಗೆ ಬಂದ ಹೆಂಗಸರೆಲ್ಲ ತಮ್ಮದನ್ನೂ ಅದರ ಪಕ್ಕ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗತೊಡಗಿದರು. ಚಿಕ್ಕಮ್ಮ ರಸ್ತೆ ದಾಟಿ ಬರುವಷ್ಟರಲ್ಲಿ ಚಪ್ಪಲಿ ಅಂಗಡಿಯೇ ಮಠವಾಗಿತ್ತು! ಒಬ್ಬಾಕೆ ಹೋಗುವಾಗ ನನ್ನ ಹೊಸ ಜೋಡಿಯನ್ನೇ ಮೆಟ್ಟಿಕೊಂಡು ಹೋದಳು ಎಂಬುದು ಯಜಮಾನನ ಹೇಳಿಕೆ. ಹೋಗಿ ವಾಪಸ್ಸು ಬಂದಳು ಎಂಬುದು ಚಿಕ್ಕಮ್ಮನದು. ನನ್ನ ಕಣ್ಣಮುಂದೆ ಇರುವುದು ಬೇಕರಿಯ ಖಾರದ ಬನ್ನು ಮಾತ್ರ. ಆದರೆ ಅಂದು ಕೊಂಡ ಕಂದು ಬಣ್ಣದ ಆ ಜೋಡಿ ಇವತ್ತಿಗೂ ನಡೆಯುತ್ತಿದೆ, ಶಾಲೆಯಲ್ಲಿ ಎಲ್ಲಿಂದ ತಂದಿರಿ ಎಂದು ಕೇಳದವರಿಲ್ಲ.

ಅವಳಿಗೆ ಇನ್ನೊಂದು ಹೆಮ್ಮೆಯಿತ್ತು. ಕಲ್ಯಾಣ ಮಂಟಪದ ಚಪ್ಪಲಿ ರಾಶಿಯಲ್ಲಿ ಎಲ್ಲರೂ ಬಗ್ಗಿ ಹುಡುಕುವಾಗ ಅವಳು ಬಗ್ಗುತ್ತಿರಲಿಲ್ಲ. ಯಾರೂ ಕದಿಯಬಾರದೆಂದು ಎಡಗಾಲಿನದನ್ನು ಒಂದು ಕಂಬದ ಬುಡದಲ್ಲಿ, ಬಲಗಾಲಿನದನ್ನು ಗೇಟಿನ ಹತ್ತಿರ ಬಿಡುವುದು ಅವಳ ರೂಢಿ. ಹೊರಡುವಾಗ ಯಾರೊಂದಿಗೋ ಮಾತಾಡುತ್ತಲೇ ಕಾಲನ್ನು ಮುಂದೆ ಚಾಚುವಳು, ಪಾದ ತನ್ನದನ್ನು ತಾನೇ ಸೇರಿಕೊಳ್ಳುವುದು. "ನನ್ ಕಾಲಿಗೇ ಕಣ್ಣೈತೆ" ಎನ್ನುತ್ತಿದ್ದಳು.

ಹೋದ ವರ್ಷ ತರೀಕೆರೆಯಲ್ಲಿ ಒಂದು ಮದುವೆಯ ಊಟ ಮುಗಿಸಿ ಅವಳು ನಮ್ಮ ಮನೆಗೆ ಬಂದಳು. ನಮ್ಮತ್ತೆಯ ವಿಷಯ ಇಲ್ಲಿ ಹೇಳಬೇಕು. ಬೆಳಗಿನ ಲಿಂಗಪೂಜೆ ಮುಗಿಯದೆ ನೀರು ಮುಟ್ಟದ, ಹಣೆಯ ವಿಭೂತಿ ಸಂಜೆಯವರೆಗೂ ಅಳಿಸದ ಹೆಂಗಸು. ಅವರ ಹೊಸ್ತಿಲು ದಾಟಿದ ಪಾದರಕ್ಷೆ ಇನ್ನೂ ಹುಟ್ಟಿಲ್ಲ. ಕರೆಂಟಿನವನು ಶಾಕ್ ಹೊಡೆಯುತ್ತದೆ ಎಂದು ಬೇಡಿಕೊಂಡಾಗ, ಹಾಗಾದರೆ ಮಣೆಯ ಮೇಲೆ ನಿಂತು ರಿಪೇರಿ ಮಾಡಪ್ಪಾ ಎಂದವರು ಅವರು.

ಆ ಮಧ್ಯಾಹ್ನ ಅವರೇ ಬಾಗಿಲಿಗೆ ಹೋಗಿದ್ದರು. ನಗುತ್ತಾ ನನ್ನನ್ನು ಕರೆದರು. ಹೊಸ್ತಿಲಾಚೆ ಚಿಕ್ಕಮ್ಮ ಬಿಟ್ಟಿದ್ದ ಜೋಡಿಯಲ್ಲಿ ಒಂದು ಅವಳದೇ ಬಂಗಾರದ ಪಟ್ಟಿಯದು, ಇನ್ನೊಂದು ಯಾರದೋ ಕಪ್ಪು, ದೋಣಿಯಷ್ಟು ದೊಡ್ಡದು! ಮಂಟಪದಿಂದ ನಮ್ಮ ಮನೆಯವರೆಗೆ ಹಾಗೇ ನಡೆದು ಬಂದಿದ್ದಾಳೆ. ನಾವೆಲ್ಲ ನಕ್ಕೆವು. ಕಾಲಿನ ಕಣ್ಣಿಗೆ ಪೊರೆ ಬಂದಿದೆ ಎಂದ ನನ್ನ ಗಂಡ. ಚಿಕ್ಕಮ್ಮನೂ ನಕ್ಕಳು.

ನಗು ನಿಂತದ್ದು ನೆಲ ನೋಡಿದಾಗ. ಬಾಗಿಲಿಂದ ಸೋಫಾದವರೆಗೆ ಕೆಂಪು ಬೊಟ್ಟುಗಳಿದ್ದವು. ಕುಂಕುಮ ಚೆಲ್ಲಿದೆಯೇನೋ ಎಂದುಕೊಂಡು ಅತ್ತೆ ಒದ್ದೆ ಬಟ್ಟೆ ತಂದರು. ಒರೆಸುತ್ತಾ ಒರೆಸುತ್ತಾ ಬಂದು ಚಿಕ್ಕಮ್ಮನ ಬಲಗಾಲನ್ನು ಎತ್ತಿ ನೋಡಿದರು. ಮಂಟಪದ ಹೂವಿನ ಅಲಂಕಾರದ ಗುಂಡುಸೂಜಿಯೊಂದು ಹಿಮ್ಮಡಿಗೆ ಪೂರ್ತಿ ಇಳಿದಿತ್ತು.

"ನೋವಾಗ್ಲಿಲ್ವಾ?" ಎಂದರು ಅತ್ತೆ.

ಚಿಕ್ಕಮ್ಮ ತನ್ನ ಕಾಲನ್ನು ಬೇರೆಯವರ ಕಾಲು ನೋಡುವಂತೆ ನೋಡಿದಳು. "ಇಲ್ಲ ಕಣಮ್ಮ. ಏನೂ ಗೊತ್ತಾಗ್ಲಿಲ್ಲ."

ಕಡೂರಿನ ಡಾಕ್ಟರು ಎಲ್ಲವನ್ನೂ ನಿಧಾನವಾಗಿ ವಿವರಿಸಿದರು. ಸಕ್ಕರೆ ಕಾಯಿಲೆ ಪಾದದ ಅರಿವನ್ನು ತಿಂದಿದೆ. ಇನ್ನು ಮೇಲೆ ಸಣ್ಣ ಗಾಯವೂ ದೊಡ್ಡದಾಗಬಹುದು, ಬೆರಳೇ ಹೋಗಬಹುದು. ಮೆತ್ತಗಿನ, ಮುಂದೆ ಅಗಲವಿರುವ, ಮುಚ್ಚಿದ ಪಾದರಕ್ಷೆ ಬೇಕು. ಬರಿಗಾಲಲ್ಲಿ ಒಂದು ಹೆಜ್ಜೆಯೂ ಕೂಡದು, ಮನೆಯ ಒಳಗೂ ಕೂಡದು.

ಪಕ್ಕದ ಔಷಧಿ ಅಂಗಡಿಯಲ್ಲಿ ಅದಕ್ಕೆಂದೇ ಮಾಡಿದ ಒಂದು ಜೋಡಿ ತೋರಿಸಿದರು. ಕಪ್ಪಗೆ, ದಪ್ಪಗೆ, ಎರಡು ಪಟ್ಟಿ ಬಿಗಿದುಕೊಂಡು ಕೂತಿತ್ತು. ಚಿಕ್ಕಮ್ಮ ಅದನ್ನು ಹೊಸ್ತಿಲಲ್ಲಿಟ್ಟು ನೋಡುವ ಗೋಜಿಗೂ ಹೋಗಲಿಲ್ಲ. "ಎಮ್ಮೆ ಗೊರಸು" ಅಂದಳು. ಇದನ್ನು ಮೆಟ್ಟಿ ನಡೆಯುವುದಕ್ಕಿಂತ ಮನೆಯಲ್ಲಿ ಕೂತಿರುತ್ತೇನೆ ಅಂದಳು. ಹಾಗೆಯೇ ಮಾಡಿದಳು ಕೂಡ. ಅಜ್ಜಂಪುರದ ಮನೆಯ ಕಿಟಕಿಯಲ್ಲಿ ಕೂತು ದಾರಿಹೋಕರ ಕಾಲುಗಳನ್ನು ನೋಡುವುದೇ ಕೆಲಸವಾಯಿತು. ಫೋನು ಮಾಡಿದರೆ, ಬೀದಿಯಲ್ಲಿ ಯಾರು ಏನು ಹಾಕಿದ್ದಾರೆ ಎಂದು ಕ್ರಿಕೆಟ್ ಕಾಮೆಂಟರಿಯಂತೆ ಹೇಳುವಳು. ತಾನು ಎಲ್ಲಿಗೆ ಹೋದೆ ಎಂದು ಮಾತ್ರ ಹೇಳುತ್ತಿರಲಿಲ್ಲ, ಹೋಗುತ್ತಲೇ ಇರಲಿಲ್ಲವಲ್ಲ.

ಕೊನೆಗೆ ನಾನೇ ಅವಳನ್ನು ಎಬ್ಬಿಸಿಕೊಂಡು ಹೊರಟೆ. ಚೆಂದವೂ ಇರಬೇಕು, ಕಾಲನ್ನೂ ಕಾಯಬೇಕು, ಬೆಲೆಯೂ ಕೈಗೆಟುಕಬೇಕು. ಅಂಥದು ಅಂಗಡಿಗಳಲ್ಲಿ ಇಲ್ಲವೇ ಇಲ್ಲ ಎನ್ನುವುದಾದರೆ ಆಮೇಲೆ ನೋಡಿಕೊಳ್ಳೋಣ ಎಂದೆ. ಅಜ್ಜಂಪುರದಲ್ಲಿ ಸಿಕ್ಕಿದ್ದು ಗಟ್ಟಿ, ಆದರೆ ಹೊಲಕ್ಕೆ ಹೋಗುವಂಥದು. ಕಡೂರಿನಲ್ಲಿ ಸಿಕ್ಕಿದ್ದು ಚೆಂದ, ಆದರೆ ಮುಂದುಗಡೆ ಕೊಕ್ಕಿನಂತೆ ಚೂಪು, ಕೊಕ್ಕರೆಗಾದರೆ ಸರಿಹೋಗುತ್ತಿತ್ತು. ತರೀಕೆರೆಯ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲಿ, ಕಾಲೇಜು ಹುಡುಗಿಯರಿಗೆಂದು ತರಿಸಿದ ರಾಶಿಯೊಳಗೆ, ನೇಯ್ದ ಬಟ್ಟೆಯ ಒಂದು ಶೂ ಕಂಡಿತು. ಹಗುರ, ಮೆತ್ತಗೆ, ಮುಂದೆ ಅಗಲ, ಮೇಲೊಂದು ಸಣ್ಣ ಪಟ್ಟಿ. ಬಣ್ಣ ಮಾಗಿದ ನೇರಳೆಯದು. ಚಿಕ್ಕಮ್ಮ ಅಟ್ಟೆ ಮಡಚಿದಳು, ಮಡಚಿತು. ಹೊಸ್ತಿಲಲ್ಲಿಟ್ಟು ರಸ್ತೆ ದಾಟಿ ನೋಡಿದಳು. ಬಹಳ ಹೊತ್ತು ನೋಡಿದಳು. ಅಲ್ಲಿಂದ ಒಂದು ಅಪ್ಪಣೆಯೂ ಬರಲಿಲ್ಲ, ಅಂದರೆ ಪಾಸಾಯಿತು.

ಕಷ್ಟ ಬಂದದ್ದು ಹಾಕಿಕೊಂಡ ಮೇಲೆ. ಬಿಗಿಯೇ, ಸಡಿಲವೇ ಎಂದರೆ ಅವಳು ನನ್ನ ಮುಖ ನೋಡಿದಳು. ಕಚ್ಚುವುದನ್ನು ಹೇಳಬೇಕಾದ ಕಾಲು ಬಾಯಿ ಮುಚ್ಚಿಕೊಂಡಿತ್ತು. ಡಾಕ್ಟರು ಹೇಳಿಕೊಟ್ಟ ಉಪಾಯ ಆಗ ನೆನಪಾಯಿತು. ಪೇಪರಿನ ಮೇಲೆ ಅವಳ ಪಾದವಿಟ್ಟು ಸುತ್ತ ಗೆರೆ ಎಳೆದೆವು, ಕತ್ತರಿಸಿ ಶೂ ಒಳಗೆ ಹಾಸಿದೆವು. ಅಂಚು ಎಲ್ಲೂ ಮುದುಡದೆ ಮಲಗಿದರೆ ಅದು ಅವಳ ಅಳತೆ. ಮೊದಲನೆಯದರಲ್ಲಿ ಮುದುಡಿತು. ಅದಕ್ಕಿಂತ ದೊಡ್ಡದರಲ್ಲಿ ಪೇಪರು ಹಾಯಾಗಿ ಮಲಗಿತು. ಹೊರಗೆ ಹಾಕಲು ನೇರಳೆ, ಮನೆಯೊಳಗೆ ಹಾಕಲು ಅದೇ ಅಚ್ಚಿನ ಸಾಸಿವೆ ಹಳದಿ ಕೊಂಡೆವು. ಎರಡು ಜೋಡಿ ಸೇರಿದರೂ ಎಮ್ಮೆ ಗೊರಸಿನ ಬೆಲೆಗಿಂತ ಕೆಳಗೇ ಇತ್ತು, ಚಿಕ್ಕಮ್ಮ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಅದನ್ನೇ ಹೇಳಿದಳು.

ನೇರಳೆ ಶೂ ಅಜ್ಜಂಪುರದಲ್ಲಿ ಹೆಸರು ಮಾಡಿತು. ಹಳದಿಯದು ಮಾತ್ರ ಡಬ್ಬಿ ಬಿಟ್ಟು ಹೊರಗೆ ಬರಲಿಲ್ಲ. ಹೇಳಿ ಹೇಳಿ ನನಗೆ ಸಾಕಾಯಿತು. ದೇವರ ಮನೆ ಇರುವಲ್ಲಿ ಮೆಟ್ಟಿಕೊಂಡು ತಿರುಗಲೇ ಎನ್ನುವಳು. ಹೊಸದಮ್ಮ, ಮಣ್ಣು ಸೋಕಿಲ್ಲ ಎಂದರೂ ಕೇಳಳು. ಹೊಸ್ತಿಲ ಮೇಲೆ ಇಷ್ಟು ವರ್ಷ ಕಟ್ಟಿದ ಸಿದ್ಧಾಂತವನ್ನು ಹೊಸ್ತಿಲು ದಾಟಿಸುವುದು ಹೇಗೆ? ಈ ಮಧ್ಯೆ ಬರಿಗಾಲಿಗೆ ಮತ್ತೊಂದು ಗಾಯವಾಗಿ, ಅದು ಹೇಗೋ ಮಾಯ್ದಿತ್ತು. ಇನ್ನೊಂದು ಮಾಯುತ್ತದೆ ಎಂದು ಹೇಳುವವರು ಯಾರು?

ಹೋದ ಸೋಮವಾರ ಅವಳು ನಮ್ಮ ಮನೆಗೆ ಬಂದಳು. ಹಳದಿ ಜೋಡಿ ಚೀಲದಲ್ಲಿತ್ತು, ನನ್ನ ಬೈಗುಳಕ್ಕೆ ಹೆದರಿ ತಂದದ್ದು. ಬಾಗಿಲ ಹೊರಗೆ ನೇರಳೆಯದನ್ನು ಬಿಚ್ಚಿ, ಅಭ್ಯಾಸದಂತೆ ಒಂದನ್ನು ಇನ್ನೊಂದಕ್ಕೆ ಒರಗಿಸಿಟ್ಟು, ಬರಿಗಾಲನ್ನು ಒಳಗೆ ಎತ್ತಿದಳು.

"ನಿಲ್ಲು" ಎಂದರು ಅತ್ತೆ.

ಪೂಜೆ ಮುಗಿಸಿ ಬಂದಿದ್ದರು, ಕೈಯಲ್ಲಿ ವಿಭೂತಿಯ ಬಿಳುಪು ಇನ್ನೂ ಇತ್ತು. ಅದೇ ಕೈಯಿಂದ ಚೀಲ ಈಸಿಕೊಂಡು, ಹಳದಿ ಜೋಡಿ ತೆಗೆದು, ಹೊಸ್ತಿಲ ಒಳಗೆ, ತಮ್ಮ ನೆಲದ ಮೇಲೆ ಇಟ್ಟರು.

"ಬ್ಯಾಡ ಕಣಮ್ಮ, ನಿಮ್ಮನೇಲಿ..." ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಅತ್ತೆ ಅವಳ ತೋಳು ಹಿಡಿದು ಒಂದೊಂದೇ ಪಾದವನ್ನು ಶೂ ಒಳಗೆ ಇಳಿಸಿದರು. ಆಮೇಲೆ ಹಾಲಿನ ಆ ಕೊನೆಯವರೆಗೂ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತರು, ಕಡೂರಿನ ಬೇಕರಿಯ ಮುಂದೆ ಚಿಕ್ಕಮ್ಮ ನಿಂತಿದ್ದ ಹಾಗೆ.

"ಸ್ವಲ್ಪ ಎಡಕ್ಕೆ ತಿರುಗು."

ಚಿಕ್ಕಮ್ಮ ತಿರುಗಿದಳು.

"ಹೊಸ್ತಿಲಿಗಿಂತ ಕಾಲಲ್ಲೇ ಚೆನ್ನಾಗ್ ಕಾಣ್ತವೆ ಕಣೇ. ಬಾ, ರೊಟ್ಟಿ ಆರ್ತಾ ಐತೆ."

ಇದನ್ನು ಬರೆಯುವಾಗ ಆ ಶೂಗಳ ಹಳದಿ ಎಷ್ಟು ಗಾಢವಿತ್ತು ಎಂಬುದು ಆಗಲೇ ನನಗೆ ಅನುಮಾನ. ಒಂದು ಮಾತ್ರ ನೋಡಿದ್ದೇನೆ. ಎದುರು ಗೋಡೆಯ ಬಳಿ ಅತ್ತೆಯ ಬರಿಗಾಲುಗಳಿದ್ದವು. ಚಿಕ್ಕಮ್ಮ ಅವುಗಳ ಕಡೆ ನೋಡಲೇ ಇಲ್ಲ. ಅವರ ಮುಖವನ್ನೇ ನೋಡುತ್ತಾ, ಮೆಲ್ಲಗೆ ಹೆಜ್ಜೆಯಿಡುತ್ತಾ ಒಳಗೆ ಬಂದಳು.